ಕೆ.ಆರ್. ಮಾರ್ಕೆಟ್ಟಿನ ಹೂವಿನ ಅಜ್ಜಿಯರು

ಬೆಳಗಿನ ಜಾವಕ್ಕೇ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಅಂಗಳ ಗಿಜಿಗುಡುತ್ತಿರುತ್ತದೆ. ಸೇವಂತಿಗೆ, ಚೆಂಡುಹೂವಿನ ಮೂಟೆಗಳು, ತಕ್ಕಡಿಗಳು, ಬೆಲೆ ಕೂಗುವ ಗಂಟಲುಗಳು. ಮೇಲಿನ ಮಹಡಿಯಿಂದ ಬಗ್ಗಿ ಎಲ್ಲರೂ ಫೋಟೊ ತೆಗೆಯುವುದು ಈ ಬಣ್ಣಗಳನ್ನೇ. ಮೂಟೆಗಳ ಹಿಂದೆ, ಗೋಡೆಗೆ ಒರಗಿ ಹೂ ಕಟ್ಟುವ ಅಜ್ಜಿಯರು ಆ ಫೋಟೊಗಳಲ್ಲಿ ಬೀಳುವುದೇ ಇಲ್ಲ.

ಅರವತ್ತಕ್ಕೆ ನಿವೃತ್ತಿ ಎಂಬುದು ಸರ್ಕಾರಿ ನೌಕರರ ಲೆಕ್ಕ. ಇಲ್ಲಿ ವಯಸ್ಸಾದಷ್ಟೂ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಗಟ್ಟಿಯಿದ್ದಾಗ ತಲೆಯ ಮೇಲೆ ಬುಟ್ಟಿ ಹೊತ್ತು ಚಾಮರಾಜಪೇಟೆ, ಬಸವನಗುಡಿಯ ಬೀದಿಗಳಲ್ಲಿ ಕೂಗಿ ಮಾರಿದವರು ಮಂಡಿನೋವು ಬಂದ ಮೇಲೆ ಒಂದೆಡೆ ಕೂತು ಮಾರಿದರು. ಬಂಡವಾಳ ಕರಗಿದ ಮೇಲೆ ಬೇರೆಯವರ ಹೂವನ್ನು ಮಾರಿಗಿಷ್ಟು ಎಂದು ಕೂಲಿಗೆ ಕಟ್ಟಿದರು. ಕೈ ನಡುಗುವವರು ಈಗ ನೆಲಕ್ಕೆ ಉದುರಿದ ಬಿಡಿಹೂ ಆರಿಸಿ ಗುಡ್ಡೆ ಹಾಕಿಕೊಂಡು ಕೂತಿದ್ದಾರೆ. ಅದಕ್ಕಿಂತ ಕೆಳಗಿನ ಮೆಟ್ಟಿಲು ದೇವಸ್ಥಾನದ ಬಾಗಿಲು.

ಪಿಂಚಣಿ ಬರುತ್ತದಾ ಎಂದರೆ ಕೆಲವರು ಹೂಂ ಎನ್ನುತ್ತಾರೆ. 65 ದಾಟಿದ ಬಡವರಿಗೆ ಸಿಗುವ ಸಂಧ್ಯಾ ಸುರಕ್ಷಾ 2021ರಲ್ಲಿ ತಿಂಗಳಿಗೆ 1,000 ರೂಪಾಯಿಯಿಂದ 1,200ಕ್ಕೆ ಏರಿತು. ದಿನಕ್ಕೆ ನಲವತ್ತು ರೂಪಾಯಿ. ಕೇಂದ್ರದ ವೃದ್ಧಾಪ್ಯ ವೇತನದ ಪಾಲಂತೂ ಎಂಬತ್ತರೊಳಗಿನವರಿಗೆ 2007ರಲ್ಲಿದ್ದ 200 ರೂಪಾಯಿಯಲ್ಲೇ ನಿಂತಿದೆ. ಇದು ನನಗೆ ನಾಚಿಕೆಯ ವಿಷಯವಾಗಿ ಕಾಣುತ್ತದೆ. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದದ್ದು ಮಾತ್ರ ಇಲ್ಲಿ ಎಲ್ಲರೂ ಬಾಯ್ತುಂಬ ಹೇಳುವ ಸಂಗತಿ.

ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ಕೈ ಮುಂದೆ ಚಾಚಿದರು. ದಾರ ಎಳೆದೂ ಎಳೆದೂ ಬೆರಳ ತುದಿಯ ಗೆರೆಗಳೇ ಸವೆದಿವೆ. "ರೇಷನ್ ಅಂಗಡೀಲಿ ತಂಬ್ ಬರ್ತಿಲ್ಲ, ನಾಳೆ ಬಾ ಅಂತಾರೆ ಕಣಪ್ಪಾ. ನಾಳೆ ಹೋದ್ರೆ ನಾಳೆ ಕೂಲಿ ಯಾರ್ ಕೊಡ್ತಾರೆ?" ದುಡಿದ ಕೈಗೇ ಗುರುತಿಲ್ಲ ಎನ್ನುವ ಯಂತ್ರದೆದುರು ಅವರು ಪ್ರತಿ ತಿಂಗಳೂ ನಿಲ್ಲಬೇಕು.

ಅವರ ಎಡಗಣ್ಣಿಗೆ ಪೊರೆ ಬಂದಿದೆ. ಕನಕಾಂಬರವನ್ನು ಮೂಗಿನ ಹತ್ತಿರ ಹಿಡಿದು ಕಟ್ಟುತ್ತಾರೆ. ಮಿಂಟೊ ಕಣ್ಣಾಸ್ಪತ್ರೆ ಇಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಬಡವರಿಗೆ ಪೊರೆಯ ಆಪರೇಷನ್ನಿಗೆ ಅಲ್ಲಿ ದುಡ್ಡಿಲ್ಲ. ಆದರೆ ಆಮೇಲೆ ಕೆಲವು ವಾರ ಕಣ್ಣಿಗೆ ನೀರು, ಧೂಳು ತಾಗಬಾರದು, ಬಗ್ಗಿ ಭಾರ ಎತ್ತಬಾರದು. ಮಾರ್ಕೆಟ್ಟಿನಲ್ಲಿ ಇರುವುದೆಲ್ಲ ಅದೇ. ಸರ್ಕಾರ ಆಪರೇಷನ್ನಿನ ಖರ್ಚು ಭರಿಸುತ್ತದೆ, ಮನೆಯಲ್ಲಿ ಕೂರಬೇಕಾದ ಆ ದಿನಗಳ ಅನ್ನದ ಖರ್ಚನ್ನು ಭರಿಸುವುದಿಲ್ಲ. ಅದನ್ನೂ ಕೊಡುವ ಏರ್ಪಾಡು ಆಗದ ಹೊರತು ಇಂಥವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಯಾವಾಗ ಮಾಡಿಸ್ತೀರಜ್ಜಿ ಎಂದು ಕೇಳಿದೆ. ವರಮಹಾಲಕ್ಷ್ಮಿ ಹಬ್ಬ ಬಂತು, ಅದಾದ ಮೇಲೆ ಗೌರಿ-ಗಣೇಶ, ಅದಾದ ಮೇಲೆ ಆಯುಧಪೂಜೆ, ಹೂವಿಗೆ ರೇಟು ಬರುವ ಕಾಲ ಎಂದರು. "ಕಾರ್ತೀಕದಲ್ಲಿ ನೋಡುವಾ" ಎನ್ನುತ್ತಾ ಇನ್ನೊಂದು ಹಿಡಿ ಹೂವು ಮಡಿಲಿಗೆ ಹಾಕಿಕೊಂಡರು.