ಕೂಡುವ ಮೂಲೆಗೆ ತಕ್ಕ ಗರಗಸ: ಸ್ಲೈಡಿಂಗ್ ಮೈಟರ್ ಸಾ ಆಯ್ಕೆಯ ವಿಚಾರ

ಚಿತ್ರದ ಚೌಕಟ್ಟಿನಲ್ಲಾಗಲಿ, ಬಾಗಿಲಿನ ಸುತ್ತ ಹೊಡೆಯುವ ಅಲಂಕಾರದ ಪಟ್ಟಿಯಲ್ಲಾಗಲಿ, ಕಪಾಟಿನ ಬೀಡಿಂಗ್‌ನಲ್ಲಾಗಲಿ, ಎರಡು ಮರದ ಪಟ್ಟಿಗಳು 90 ಡಿಗ್ರಿಯ ಮೂಲೆಯಲ್ಲಿ ಅಂದವಾಗಿ ಸೇರಬೇಕಾದರೆ ಎರಡರ ತುದಿಯನ್ನೂ 45 ಡಿಗ್ರಿಗೆ ಓರೆಯಾಗಿ ಕೊಯ್ಯಬೇಕಾಗುತ್ತದೆ. ಈ ಓರೆ ಕೂಡಿಕೆಗೆ ಮೈಟರ್ ಎಂದು ಹೆಸರು. ನಾಲ್ಕು ಮೂಲೆಗಳ ಒಂದು ಚೌಕಟ್ಟಿಗೆ ಇಂಥ ಎಂಟು ಕೊಯ್ತಗಳು ಬೇಕು. ಒಂದೊಂದು ಕೊಯ್ತದಲ್ಲೂ ಕಾಲು ಡಿಗ್ರಿಯ ತಪ್ಪು ಒಂದೇ ದಿಕ್ಕಿನಲ್ಲಿ ನುಸುಳಿದರೆ, ಮೊದಲ ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿದಾಗ ಎಂಟರ ತಪ್ಪೂ ಒಟ್ಟಾಗಿ ನಾಲ್ಕನೆಯ ಮೂಲೆಯಲ್ಲಿ 2 ಡಿಗ್ರಿಯಷ್ಟು ಬಾಯಿ ಬಿಡುತ್ತದೆ, 60 ಮಿ.ಮೀ. ಅಗಲದ ಪಟ್ಟಿಯಲ್ಲಿ ಅದು ಸುಮಾರು 3 ಮಿ.ಮೀ. ಬಿರುಕು. ಪುಟ್ಟಿ ತುಂಬಿ ಮುಚ್ಚಿದರೂ ಪಾಲಿಶ್ ಆದ ಮೇಲೆ ಅದು ಎದ್ದು ಕಾಣುತ್ತದೆ. ಪೀಠೋಪಕರಣದ ಕೆಲಸಕ್ಕೆ ಗರಗಸವನ್ನು ಕೊಳ್ಳುವವರು ಮೋಟಾರಿನ ಶಕ್ತಿಗಿಂತ ಮೊದಲು ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ವಿದ್ಯುತ್ತಿನಿಂದ ನಡೆಯುವ ಮೈಟರ್ ಗರಗಸವನ್ನು 1964ರಲ್ಲಿ ಅಮೆರಿಕದ ರಾಕ್‌ವೆಲ್ ಕಂಪನಿ ಹೊರತಂದಿತು. ಅದರ ಮೂಲ ರೂಪದಲ್ಲಿ ದುಂಡನೆಯ ಬ್ಲೇಡ್ ಇರುವ ತಲೆಯು ಒಂದು ತಿರುಗಣೆಯ ಮೇಲೆ ಕೆಳಗಿಳಿದು ಮರವನ್ನು ಕೊಯ್ಯುತ್ತದೆ; ಕೆಳಗಿನ ಮೇಜು ಎಡಬಲಕ್ಕೆ ತಿರುಗಿದಂತೆ ಕೊಯ್ತದ ಕೋನ ಬದಲಾಗುತ್ತದೆ. ಹೀಗೆ ಕೇವಲ ಕೆಳಗಿಳಿಯುವ 10 ಇಂಚಿನ ಯಂತ್ರಕ್ಕೆ ಸುಮಾರು 140ರಿಂದ 150 ಮಿ.ಮೀ. ಅಗಲದ ಹಲಗೆಯೇ ಮಿತಿ. ತಲೆಯನ್ನು ಕಂಬಿಗಳ ಮೇಲೆ ಹಿಂದೆ ಮುಂದೆ ಜಾರುವಂತೆ ಮಾಡಿದಾಗ ಅದೇ ಬ್ಲೇಡ್ ಸುಮಾರು 300 ಮಿ.ಮೀ. ಅಗಲವನ್ನು ನೇರವಾಗಿಯೂ, 45 ಡಿಗ್ರಿಯಲ್ಲಿ ಸುಮಾರು 210 ಮಿ.ಮೀ. ಅಗಲವನ್ನೂ ದಾಟಬಲ್ಲದು. ಜಾರುವ ಗರಗಸ, ಅಂದರೆ ಸ್ಲೈಡಿಂಗ್ ಮೈಟರ್ ಸಾ, ಇದೇ.

ಆದರೆ ಈ ಅಗಲಕ್ಕೆ ತೆರಬೇಕಾದ ಬೆಲೆ ಹಣವೊಂದೇ ಅಲ್ಲ. ಕಂಬಿಗಳು ಪೂರ್ತಿ ಚಾಚಿದಾಗ ಭಾರವಾದ ತಲೆ ತನ್ನ ಆಧಾರದಿಂದ ದೂರ ಸರಿದಿರುತ್ತದೆ. ಅಲ್ಲಿ ಕೂದಲೆಳೆಯಷ್ಟು ಸಡಿಲಿಕೆಯಿದ್ದರೂ ಬ್ಲೇಡ್ ಪಕ್ಕಕ್ಕೆ ವಾಲಿ ಹಲಗೆಯ ಒಂದು ಅಂಚಿನಲ್ಲಿ ಸರಿಯಾಗಿಯೂ ಮತ್ತೊಂದರಲ್ಲಿ ತಪ್ಪಾಗಿಯೂ ಕೊಯ್ಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಯಂತ್ರಕ್ಕೆ ವಿದ್ಯುತ್ ಕೊಡದೆ, ತಲೆಯನ್ನು ಪೂರ್ತಿ ಮುಂದಕ್ಕೆಳೆದು, ಹಿಡಿಕೆಯನ್ನು ಎಡಬಲಕ್ಕೆ ಮೆಲ್ಲನೆ ಅಲುಗಾಡಿಸಿ ನೋಡುವುದು ಮೊದಲ ಪರೀಕ್ಷೆ. ಎರಡನೆಯ ಪರೀಕ್ಷೆಗೆ ಎರಡೂ ಅಂಚು ಸಮಾನಾಂತರವಾಗಿರುವ 200 ಮಿ.ಮೀ. ಅಗಲದ ಹಲಗೆಯೊಂದು ಸಾಕು: ಅದನ್ನು 90 ಡಿಗ್ರಿಗೆ ಕೊಯ್ದು, ಒಂದು ತುಂಡನ್ನು ಮಗುಚಿ, ಎರಡೂ ತುಂಡುಗಳ ಅಂಚನ್ನು ಫೆನ್ಸಿಗೆ, ಅಂದರೆ ಮರವನ್ನು ಒತ್ತಿ ನಿಲ್ಲಿಸುವ ಹಿಂಬದಿಯ ಆನಿಕೆಗೆ, ತಾಗಿಸಿ ಕೊಯ್ದ ಮುಖಗಳನ್ನು ಒಂದಕ್ಕೊಂದು ಕೂಡಿಸಿದರೆ ಇರುವ ತಪ್ಪು ಇಮ್ಮಡಿಯಾಗಿ ಕಾಣುತ್ತದೆ. ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ತಪ್ಪಿದ್ದರೂ ಸುಮಾರು 0.7 ಮಿ.ಮೀ. ಸಂದು ಬಿಡುವುದರಿಂದ ಬರಿಗಣ್ಣಿಗೇ ತಿಳಿಯುತ್ತದೆ. ಸಣ್ಣ ತಪ್ಪನ್ನು ಫೆನ್ಸಿನ ತಿರುಪುಗಳನ್ನು ಸಡಿಲಿಸಿ ಸರಿಪಡಿಸಬಹುದು; ಮೇಜನ್ನು 45ಕ್ಕೆ ತಿರುಗಿಸಿ ಮತ್ತೆ ಸೊನ್ನೆಗೆ ತಂದಾಗಲೆಲ್ಲ ಬೇರೆ ಬೇರೆ ಫಲ ಬರುವ ಯಂತ್ರವನ್ನು ಯಾವ ತಿರುಪೂ ಸರಿಪಡಿಸಲಾರದು, ಅದನ್ನು ಬಿಡುವುದೇ ಲೇಸು.

ಗಾತ್ರದ ವಿಷಯದಲ್ಲಿ 12 ಇಂಚಿನ ಯಂತ್ರ ಹೆಚ್ಚು ಕೊಯ್ಯುತ್ತದೆಂಬುದು ನಿಜವಾದರೂ, ದೊಡ್ಡ ಬ್ಲೇಡ್ ಹೆಚ್ಚು ಬಳುಕುತ್ತದೆ, ಯಂತ್ರದ ತೂಕವೂ ಬ್ಲೇಡಿನ ಬೆಲೆಯೂ ಏರುತ್ತವೆ. ತೇಗ, ಹೊನ್ನೆಗಳ ದಪ್ಪ ತೊಲೆಗಳನ್ನು ದಿನವೂ ತುಂಡರಿಸುವವರಿಗೆ ಅದು ಬೇಕಾದೀತು. ಬೀಡಿಂಗ್, ಚೌಕಟ್ಟು, ಮೇಜಿನ ಕಾಲುಗಳ ಕೆಲಸಕ್ಕೆ 10 ಇಂಚಿನದೇ ಹೆಚ್ಚು ಸೂಕ್ತ. ಯಂತ್ರದ ಜೊತೆ ಬರುವ ಬ್ಲೇಡಿನಲ್ಲಿ ಹಲವು ಬಾರಿ ಹಲ್ಲುಗಳು ಕಡಿಮೆಯಿದ್ದು ಮರದ ಅಂಚು ಸಿಬಿರೇಳುತ್ತದೆ. ನಯವಾದ ಕೊಯ್ತಕ್ಕೆ 60ರಿಂದ 80 ಹಲ್ಲುಗಳ, ಹಲ್ಲುಗಳು ಹಿಂದಕ್ಕೆ ವಾಲಿರುವ ಬ್ಲೇಡ್ ಬೇಕು. ಮುಂದಕ್ಕೆ ಬಾಗಿದ ಹಲ್ಲು ಮರವನ್ನು ಕಚ್ಚಿ ತಾನಾಗಿಯೇ ಮುನ್ನುಗ್ಗುವುದರಿಂದ ಜಾರುವ ತಲೆಯಲ್ಲಿ ಅದು ಅಪಾಯಕಾರಿ. ಬ್ಲೇಡಿನ ನಡುರಂಧ್ರದ ಅಳತೆಯೂ 25.4 ಮಿ.ಮೀ., 30 ಮಿ.ಮೀ. ಎಂದು ಬೇರೆಬೇರೆ ಇರುತ್ತದೆಯಾದ್ದರಿಂದ ಕೊಳ್ಳುವ ಮುನ್ನ ಹೊಂದಿಸಿ ನೋಡಬೇಕು.

ತಲೆ ಪಕ್ಕಕ್ಕೆ ವಾಲಿ ಹಲಗೆಯ ದಪ್ಪವನ್ನು ಓರೆಯಾಗಿ ಕೊಯ್ಯುವುದಕ್ಕೆ ಬೆವೆಲ್ ಎನ್ನುತ್ತಾರೆ. ಎರಡೂ ಕಡೆ ವಾಲುವ ಯಂತ್ರ ದುಬಾರಿ. ಅಮೆರಿಕದ ಮನೆಗಳಲ್ಲಿ ಗೋಡೆ ಮತ್ತು ಚಾವಣಿ ಸೇರುವೆಡೆ ಹೊಡೆಯುವ ಮರದ ಕ್ರೌನ್ ಪಟ್ಟಿಗಳಿಗೆ ಇದು ಬಹಳ ಉಪಯುಕ್ತ. ಹಲವು ಯಂತ್ರಗಳ ಮೇಜಿನ ಮೇಲೆ 31.6 ಡಿಗ್ರಿಯ ವಿಚಿತ್ರ ಗುರುತೊಂದು ಇರುವುದೂ ಆ ಪಟ್ಟಿಯನ್ನು ಮಲಗಿಸಿ ಕೊಯ್ಯುವುದಕ್ಕಾಗಿಯೇ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಚಾವಣಿಯೇ ಹೆಚ್ಚಾಗಿರುವ ನಮ್ಮ ಕಡೆ ಒಂದೇ ಕಡೆ ವಾಲುವ ಯಂತ್ರದಲ್ಲಿ ಬಹುಪಾಲು ಕೆಲಸ ಸಾಗುತ್ತದೆ. ಕೊಯ್ತದ ಗುರುತಿಗೆ ಲೇಸರ್ ಗೆರೆಗಿಂತ ಬ್ಲೇಡಿನ ನೆರಳನ್ನೇ ಮರದ ಮೇಲೆ ಬೀಳಿಸುವ ಎಲ್‌ಇಡಿ ದೀಪ ಹೆಚ್ಚು ನಂಬಿಗಸ್ತ, ಏಕೆಂದರೆ ಬ್ಲೇಡ್ ಬದಲಾದರೂ ನೆರಳು ಅದರದೇ ಆಗಿರುತ್ತದೆ.

ಕಂಬಿಗಳು ಹಿಂದಕ್ಕೆ ಚಾಚುವ ಮಾದರಿಗಳಿಗೆ ಗೋಡೆಯಿಂದ ಸಾಕಷ್ಟು ದೂರ ಬಿಡಬೇಕಾಗುತ್ತದೆ; ಬಾಷ್ ಕಂಪನಿಯ ಮಡಚುವ ತೋಳಿನ ಮಾದರಿ, ಕಂಬಿ ನಿಂತಲ್ಲೇ ನಿಂತು ತಲೆ ಮಾತ್ರ ಜಾರುವ ಫೆಸ್ಟೂಲ್ ಕೇಪೆಕ್ಸ್ ಮೊದಲಾದವು ಗೋಡೆಗೆ ಹತ್ತಿರವೇ ಕೂರುತ್ತವೆ, ಚಿಕ್ಕ ಕಾರ್ಯಶಾಲೆಗೆ ಇದು ದೊಡ್ಡ ಅನುಕೂಲ. ಧೂಳಿನ ವಿಷಯವನ್ನಂತೂ ಹಗುರಾಗಿ ಕಾಣಲೇಬಾರದು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ಯಂತ್ರದ ಜೊತೆ ಬರುವ ಬಟ್ಟೆಯ ಚೀಲ ಹೆಚ್ಚಿನ ಧೂಳನ್ನು ಹಿಡಿಯುವುದಿಲ್ಲ. ವ್ಯಾಕ್ಯೂಮ್ ಜೋಡಿಸಲು ಒಳ್ಳೆಯ ಕೊಳವೆಯಿರುವ ಯಂತ್ರವನ್ನೇ ಆರಿಸಿ, ಅದರ ಮೇಲೂ ಮಾಸ್ಕ್ ಧರಿಸಬೇಕು.

ನಿಮಿಷಕ್ಕೆ 4,000 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಅಂಚು ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಸಾಗುತ್ತಿರುತ್ತದೆ. ಅಗಲದ ಹಲಗೆಯನ್ನು ಕೊಯ್ಯುವಾಗ ತಲೆಯನ್ನು ಮೊದಲು ತನ್ನತ್ತ ಎಳೆದು, ಬ್ಲೇಡನ್ನು ಕೆಳಗಿಳಿಸಿ, ಆಮೇಲೆ ಹಿಂದಕ್ಕೆ ತಳ್ಳುತ್ತ ಕೊಯ್ಯಬೇಕೇ ಹೊರತು ಎಳೆಯುತ್ತ ಅಲ್ಲ. ಉಬ್ಬುತಗ್ಗಾದ ಹಲಗೆಯನ್ನು ಫೆನ್ಸಿಗೆ ಕೂರಿಸದೆ ಕೊಯ್ಯಬಾರದು, ಕೈಗವಸು ತೊಡಬಾರದು. ಬಜೆಟ್ ಸಾಲದಿದ್ದವರು ಸಡಿಲವಾದ ಅಗ್ಗದ ಜಾರುವ ಗರಗಸದ ಬದಲು ಜಾರದ ಗಟ್ಟಿಮುಟ್ಟಾದ 10 ಇಂಚಿನ ಯಂತ್ರವನ್ನು ಕೊಂಡು, ಉಳಿದ ಹಣವನ್ನು ಒಳ್ಳೆಯ ಬ್ಲೇಡಿಗೂ ವ್ಯಾಕ್ಯೂಮಿಗೂ ಹಾಕುವುದು ಉತ್ತಮ.