ಹಾಡು ಮೊದಲು, ಆಟಗಾರ ಆಮೇಲೆ

1998ರ ಜುಲೈ 25ರ ರಾತ್ರಿ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಬೇಸ್‌ಬಾಲ್ ಪಂದ್ಯ ಒಂಬತ್ತನೇ, ಅಂದರೆ ಕೊನೆಯ ಇನಿಂಗ್ಸ್‌ಗೆ ಬಂದಿತ್ತು. ಆತಿಥೇಯ ಪಡ್ರೆಸ್ ತಂಡಕ್ಕೆ ಅಲ್ಪ ಮುನ್ನಡೆ. ಆಗ ಕ್ರೀಡಾಂಗಣದ ಧ್ವನಿವರ್ಧಕಗಳಲ್ಲಿ ಭಾರಿ ಗಂಟೆಯೊಂದು ನಿಧಾನಕ್ಕೆ ಬಾರಿಸತೊಡಗಿತು. ಎಸಿ/ಡಿಸಿ ರಾಕ್ ತಂಡದ 1980ರ ‘ಹೆಲ್ಸ್ ಬೆಲ್ಸ್’ ಹಾಡಿನ ಆರಂಭ ಅದು. ಗಂಟೆಯ ಸದ್ದಿನ ನಡುವೆಯೇ ಟ್ರೆವರ್ ಹಾಫ್‌ಮನ್ ಮೈದಾನಕ್ಕೆ ಓಡಿಬಂದರು. ಸತತ 41ನೇ ಬಾರಿ ತಂಡದ ಮುನ್ನಡೆ ಕಾಯ್ದು ದಾಖಲೆ ಸರಿಗಟ್ಟಿದರು. ಆಮೇಲೆ ಗಂಟೆ ಬಾರಿಸಿತೆಂದರೆ ಹಾಫ್‌ಮನ್ ಬಂದರು ಎಂದೇ ಅರ್ಥವಾಯಿತು.

ಬೇಸ್‌ಬಾಲಿನಲ್ಲಿ ಹಾಫ್‌ಮನ್ ಥರದವರನ್ನು ‘ಕ್ಲೋಸರ್’ ಎನ್ನುತ್ತಾರೆ. ನಮ್ಮ ಡೆತ್ ಓವರ್ ಬೌಲರ್ ಇದ್ದ ಹಾಗೆ. ಆದರೆ ಕರೆ ಬರುವವರೆಗೆ ಅವರು ಮೈದಾನದಲ್ಲೇ ಇರುವುದಿಲ್ಲ. ಬೌಂಡರಿಯಾಚೆಯ ‘ಬುಲ್‌ಪೆನ್’ನಿಂದ ಹೊರಟು, ನಡುವಿನ ದಿಬ್ಬ ತಲುಪಿ, ಒಂದಷ್ಟು ಎಸೆತ ಅಭ್ಯಾಸ ಮಾಡಬೇಕು. ಅಷ್ಟು ಹೊತ್ತು ಪ್ರೇಕ್ಷಕರಿಗೆ ನೋಡಲು ಏನೂ ಇಲ್ಲ. ಪ್ರವೇಶ ಗೀತೆ ಬೇರುಬಿಟ್ಟಿದ್ದು ಆಟದ ಇಂಥ ಖಾಲಿ ಹೊತ್ತಿನಲ್ಲೇ.

ಆ ಹೊತ್ತನ್ನು ಕಾಸಾಗಿಸುವ ವಿದ್ಯೆ ಮೊದಲು ಕರಗತವಾಗಿದ್ದು ವೃತ್ತಿಪರ ಕುಸ್ತಿಯವರಿಗೆ. 1940ರ ದಶಕದಲ್ಲಿ ‘ಗಾರ್ಜಸ್ ಜಾರ್ಜ್’ ಎಂಬ ಅಮೆರಿಕದ ಪೈಲ್ವಾನ, ಗುಂಗುರು ಮಾಡಿಸಿದ ಹೊಂಬಣ್ಣದ ಕೂದಲು, ಜಗಮಗಿಸುವ ನಿಲುವಂಗಿಯಲ್ಲಿ ಕಣಕ್ಕೆ ಬರುತ್ತಿದ್ದ. ಮುಂದೆ ಸೇವಕನೊಬ್ಬ ಸುಗಂಧ ಸಿಂಪಡಿಸುತ್ತಿದ್ದ. ಹಿನ್ನೆಲೆಗೆ ಎಡ್ವರ್ಡ್ ಎಲ್ಗರ್ ಸಂಯೋಜಿಸಿದ ‘ಪಾಂಪ್ ಆ್ಯಂಡ್ ಸರ್ಕಮ್‌ಸ್ಟನ್ಸ್’. ಅಮೆರಿಕದ ಕಾಲೇಜುಗಳು ಪದವಿ ಪ್ರದಾನಕ್ಕೆ ನುಡಿಸುವ ಗಂಭೀರ ಸಂಗೀತ ಅದು! ಜನ ಬೈಯುತ್ತಲೇ ಟಿಕೆಟ್ ಕೊಂಡರು.

ಬೇಸ್‌ಬಾಲಿಗೆ ಸಂಗೀತ ತಂದದ್ದು ಆರ್ಗನ್ ವಾದ್ಯ. 1941ರಲ್ಲಿ ಷಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ಅದು ಮೊದಲು ಮೊಳಗಿತು. ಆದರೆ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ರಾಗ ಎಂಬ ಚೇಷ್ಟೆಗೆ ಹೆಸರಾದವರು ಅದೇ ನಗರದ ಇನ್ನೊಂದು ತಂಡ ವೈಟ್ ಸಾಕ್ಸ್‌ನ ಆರ್ಗನ್ ವಾದಕಿ ನ್ಯಾನ್ಸಿ ಫೌಸ್ಟ್. 1970ರಲ್ಲಿ ಕೆಲಸಕ್ಕೆ ಸೇರಿದ ಅವರು, ಬ್ಯಾಟ್ ಹಿಡಿದು ಬರುವವನ ಹೆಸರು, ಹುಟ್ಟೂರಿಗೆ ಹೊಂದುವ ಧಾಟಿ ಹುಡುಕಿ ನುಡಿಸುತ್ತಿದ್ದರು. ಬಂದವರನ್ನಷ್ಟೇ ಅಲ್ಲ, ಹೋಗುವವರನ್ನೂ ಬಿಡಲಿಲ್ಲ: 1977ರಲ್ಲಿ ಎದುರಾಳಿ ಪಿಚರ್ (ಎಸೆತಗಾರ) ತಲೆ ತಗ್ಗಿಸಿ ಹೊರನಡೆಯುವಾಗ ಅವರು ನುಡಿಸಿದ ಬೀಳ್ಕೊಡುಗೆಯ ಹಾಡಿಗೆ ಇಡೀ ಕ್ರೀಡಾಂಗಣ ದನಿಗೂಡಿಸಿತು.

ಷಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಕಥೆಯೂ ಇಂಥದ್ದೇ. ಅಲ್ಲಿನ ಉದ್ಘೋಷಕ ಟಾಮಿ ಎಡ್ವರ್ಡ್ಸ್ ಒಮ್ಮೆ ಸಿನಿಮಾ ಮಂದಿರದಲ್ಲಿ ಕೂತಿದ್ದಾಗ ಅಲನ್ ಪಾರ್ಸನ್ಸ್ ಪ್ರಾಜೆಕ್ಟ್ ತಂಡದ ‘ಸಿರಿಯಸ್’ ವಾದ್ಯ ಸಂಗೀತ ಕಿವಿಗೆ ಬಿತ್ತು. ಅದನ್ನೇ ತಂದು ಆಟಗಾರರ ಪರಿಚಯಕ್ಕೆ ಅಳವಡಿಸಿದರು. ಮೈಕಲ್ ಜೋರ್ಡಾನ್ ಬುಲ್ಸ್ ಸೇರಿದ್ದು 1984ರಲ್ಲಿ. ಮುಂದಿನ ದಶಕದಲ್ಲಿ ತಂಡ 6 ಬಾರಿ ಚಾಂಪಿಯನ್ ಆಯಿತು. ದೀಪ ಆರಿಸಿ ನುಡಿಸುತ್ತಿದ್ದ ಆ ಸಂಗೀತ ಲೋಕಪ್ರಸಿದ್ಧವಾಯಿತು.

ಇಷ್ಟು ಹೊತ್ತಿಗೆ ಓದುಗರು ಗಮನಿಸಿರಬಹುದು, ಹಾಡು ಆರಿಸಿದವರಲ್ಲಿ ಆಟಗಾರರು ಕಡಿಮೆ, ತೆರೆಮರೆಯವರೇ ಹೆಚ್ಚು. ಇದಕ್ಕೆ ದೊಡ್ಡ ಸಾಕ್ಷಿ ನ್ಯೂಯಾರ್ಕ್ ಯಾಂಕೀಸ್‌ನ ಕ್ಲೋಸರ್ ಮರಿಯಾನೊ ರಿವೇರಾ. 1998ರ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲಿನ ಫೈನಲ್ ಸರಣಿ ಆಡಲು ಯಾಂಕೀಸ್ ಸ್ಯಾನ್ ಡಿಯಾಗೊಗೆ ಹೋದಾಗ ಹಾಫ್‌ಮನ್ ಗಂಟೆಗೆ ಜನ ಹುಚ್ಚೆದ್ದದ್ದನ್ನು ತಂಡದ ಸಿಬ್ಬಂದಿ ಕಂಡರು. ಮರುವರ್ಷವೇ ರಿವೇರಾಗೆ ಮೆಟಾಲಿಕಾ ತಂಡದ ‘ಎಂಟರ್ ಸ್ಯಾಂಡ್‌ಮನ್’ ಹಾಕಿದರು. ಭಕ್ತ ಕ್ರೈಸ್ತರಾದ ರಿವೇರಾಗೆ ಹೆವಿ ಮೆಟಲ್ ಒಗ್ಗುವ ಸಂಗೀತವಲ್ಲ. ಬೇಡ ಎನ್ನಲೂ ಇಲ್ಲ. 2006ರಲ್ಲಿ ನ್ಯೂಯಾರ್ಕಿನದೇ ಮೆಟ್ಸ್ ತಂಡ ಸೇರಿದ ಕ್ಲೋಸರ್ ಬಿಲ್ಲಿ ವ್ಯಾಗ್ನರ್ ಅದೇ ಹಾಡಿನೊಂದಿಗೆ ಬಂದಾಗ, ಇದು ನಮ್ಮವನ ಹಾಡು ಎಂದು ಯಾಂಕೀಸ್ ಅಭಿಮಾನಿಗಳು ಜಗಳಕ್ಕೇ ನಿಂತರು. 2013ರಲ್ಲಿ ರಿವೇರಾ ವಿದಾಯಕ್ಕೆ ಮೆಟಾಲಿಕಾ ತಂಡವೇ ಮೈದಾನಕ್ಕೆ ಬಂದು ನುಡಿಸಿತು.

ಮೋಜು ಹೆಚ್ಚಾದಂತೆ ಗಡಿಯಾರದ ಚಿಂತೆಯೂ ಹೆಚ್ಚಿತು. ಆಟ ಎಳೆಯುತ್ತಿದೆ ಎಂಬ ದೂರಿಗೆ ಮಣಿದ ಬೇಸ್‌ಬಾಲಿನ ಮೇಜರ್ ಲೀಗ್, 2015ರಲ್ಲಿ ಬ್ಯಾಟರ್‌ಗಳ ಹಾಡನ್ನು 10 ಸೆಕೆಂಡಿಗೆ ಕತ್ತರಿಸಿತು.

ಕ್ರಿಕೆಟ್‌ನಲ್ಲಿ ಪ್ರವೇಶ ಗೀತೆಗೆ ದಾರಿ ಮಾಡಿದ್ದು 2003ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಟ್ವೆಂಟಿ–20. ವಿಕೆಟ್ ಬಿದ್ದ 90 ಸೆಕೆಂಡಿನೊಳಗೆ ಮುಂದಿನವರು ಸಿದ್ಧರಿರಬೇಕೆಂದು ಡಗೌಟ್ ಬಂತು, ಅಷ್ಟು ಹೊತ್ತು ತುಂಬಲು ಸಂಗೀತವೂ ಬಂತು. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಹುಟ್ಟಿದ ಮೇಲೆ ಡಿಜೆ ಇಲ್ಲದ ಪಂದ್ಯವೇ ಇಲ್ಲವೆನ್ನುವಂತಾಯಿತು. ಆದರೂ ಎಬಿ ಡಿವಿಲಿಯರ್ಸ್ ಅಲ್ಲಿ ಬ್ಯಾಟ್ ಹಿಡಿದು ಬರುವಾಗ ‘ಎಬಿಡಿ, ಎಬಿಡಿ’ ಎಂಬ ಗ್ಯಾಲರಿಯ ಕೂಗಿನ ಮುಂದೆ ಯಾವ ಡಿಜೆಯದೂ ನಡೆಯುತ್ತಿರಲಿಲ್ಲ.

ಹಾಡನ್ನು ಯಾರು ಬೇಕಾದರೂ ಆರಿಸಬಹುದು. ಅದನ್ನು ಆಟಗಾರನ ಹೆಸರಿಗೆ ಬರೆದುಕೊಡುವುದು ಮಾತ್ರ ಆಟ ಮತ್ತು ಗ್ಯಾಲರಿ. ರಿವೇರಾ 652 ಪಂದ್ಯಗಳನ್ನು ಉಳಿಸಿಕೊಡದೇ ಹೋಗಿದ್ದರೆ ಆ ಹಾಡಿಗಾಗಿ ನ್ಯೂಯಾರ್ಕಿನಲ್ಲಿ ಯಾರೂ ಜಗಳವಾಡುತ್ತಿರಲಿಲ್ಲ.