ಮಾಳಿಗೆಯಿಲ್ಲದ ಅರಮನೆ

ಶಾಲೆಯ ಪ್ರವಾಸದಲ್ಲಿ ಕಿತ್ತೂರು ಕೋಟೆ ನೋಡಿದವರಿಗೆ ಹೆಚ್ಚಾಗಿ ನೆನಪಿರುವುದು ಸಾಲು. ಸಾಲಾಗಿ ಬಸ್ಸಿಳಿ, ಸಾಲಾಗಿ ನಿಲ್ಲು, ಸಾಲಾಗಿ ಮ್ಯೂಸಿಯಂ ಸುತ್ತಿ ಬಾ, ತಲೆ ಎಣಿಸಿದ ಮೇಲೆ ಬಸ್ಸು ಹತ್ತು. ಬೆಳಗಾವಿ, ಧಾರವಾಡ, ಹಾವೇರಿ ಕಡೆಯ ನಮ್ಮಲ್ಲಿ ಅನೇಕರು ಹೀಗೆ ಒಮ್ಮೆ ಬಂದವರು. ದೊಡ್ಡವರಾದ ಮೇಲೆ ಹೆದ್ದಾರಿಯಲ್ಲಿ ಹಾಯುವಾಗ ಬೋರ್ಡಿನ ಕಡೆ ಕೈ ಮಾಡಿ ‘ನೋಡ್ರಿ, ಚೆನ್ನಮ್ಮನ ಊರು’ ಎಂದು ಮಕ್ಕಳಿಗೆ ತೋರಿಸಿ ಮುಂದೆ ಹೋಗುತ್ತೇವೆ. ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿಗೇ ಇರುವ ಊರು ಇದು. ಧಾರವಾಡದಿಂದ ಸುಮಾರು 30 ಕಿ.ಮೀ., ಬೆಳಗಾವಿಯಿಂದ ಸುಮಾರು 50. ಇಷ್ಟು ಹತ್ತಿರದ ಜಾಗವನ್ನು ನಾವು ಹೈಸ್ಕೂಲಿನ ಪಾಠಕ್ಕೆ ಬಿಟ್ಟುಕೊಟ್ಟು ಕೂತಿದ್ದೇವೆ. ಕಿತ್ತೂರನ್ನು ಮೊದಲು ನೋಡಬೇಕಾದವರು ನಾಲ್ಕರಿಂದ ಎಂಟು ವರ್ಷದ ಮಕ್ಕಳು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಇತಿಹಾಸ ಎಂಬುದು ಪರೀಕ್ಷೆಯ ವಿಷಯವಾಗುವ ಮೊದಲು ಅವರು ಇಲ್ಲಿ ಒಂದು ಮಧ್ಯಾಹ್ನ ಓಡಾಡಿರಬೇಕು.

ಕಾರಣ ಸರಳ. ಇಲ್ಲಿಯ ಅರಮನೆಗೆ ಮಾಳಿಗೆ ಇಲ್ಲ.

ಕಿತ್ತೂರು ಸಂಸ್ಥಾನದ ಕಥೆ 16ನೇ ಶತಮಾನದ ಕೊನೆಗೆ ಶುರುವಾಗುತ್ತದೆ. ಕೋಟೆ ಕಟ್ಟಿಸಿದ್ದು 17ನೇ ಶತಮಾನದಲ್ಲಿ, ಅಲ್ಲಪ್ಪಗೌಡ ದೇಸಾಯಿಯ ಕಾಲದಲ್ಲಿ. ಬ್ರಿಟಿಷರೊಂದಿಗಿನ 1824ರ ಯುದ್ಧದ ನಂತರ ಅರಮನೆ ಹಾಳುಬಿದ್ದು ಇಂದು ಉಳಿದಿರುವುದು ದಪ್ಪ ಗೋಡೆಗಳ ಮೊಂಡು, ಕಂಬ ನಿಂತಿದ್ದ ಕಲ್ಲು, ಹೊಸ್ತಿಲು, ಮೆಟ್ಟಿಲು, ನೀರಿನ ಜಾಗಗಳು. ದೊಡ್ಡವರ ಕಣ್ಣಿಗೆ ಇದು ಅಳಿದುಳಿದದ್ದು. ಮೂರಡಿ ಎತ್ತರದ ಮನುಷ್ಯನಿಗೆ ಹಾಗಲ್ಲ. ಸೊಂಟದಿಂದ ಕೆಳಗಿನ ಅರಮನೆ ಇನ್ನೂ ಇದೆ, ಮಗುವಿನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ದಾರಿ ಹುಡುಕಬಹುದು, ಹೊಸ್ತಿಲು ದಾಟಬಹುದು, ‘ಇದು ನನ್ನ ಕೋಣಿ, ಅದು ನಿಂದು’ ಎಂದು ಹಂಚಿಕೊಳ್ಳಬಹುದು. ಇಡೀ ಅರಮನೆಯ ನಕ್ಷೆ ನೆಲದ ಮೇಲೆ ಬಿಡಿಸಿಟ್ಟಂತಿದೆ, ಅದರೊಳಗೇ ಓಡಬಹುದು. ಮೈಸೂರಿನ ಅರಮನೆಯಲ್ಲಿ ಮಗುವಿನ ಕೈ ಬಿಡಲಾಗದೆ ನಡೆದವರಿಗೆ ಈ ಬಿಡುಗಡೆಯ ಬೆಲೆ ಗೊತ್ತು.

ಹೋಗುವುದಾದರೆ ಮೂರು ಗಂಟೆಯ ಮೇಲೆ ಹೋಗಿ. ಅರಮನೆಯ ಬಯಲಿನಲ್ಲಿ ನೆರಳು ಕಡಿಮೆ. ಬೇಸಿಗೆಯಲ್ಲಿ ಕಲ್ಲು ಕಾದಿರುತ್ತದೆ, ಮಳೆಗಾಲದಲ್ಲಿ ಪಾಚಿಗೆ ಕಾಲು ಜಾರುತ್ತದೆ. ದಸರೆ ಕಳೆದ ಮೇಲಿಂದ ಶಿವರಾತ್ರಿಯ ತನಕ ಒಳ್ಳೆಯ ಕಾಲ. ಟೋಪಿ, ನೀರು, ಹಳೆಯ ಬಟ್ಟೆ, ಬುತ್ತಿ ಇದ್ದರೆ ಸಾಕು. ಚಪಾತಿ ಪಲ್ಯ, ಮೊಸರನ್ನ, ಒಂದೆರಡು ಶೇಂಗಾ ಹೋಳಿಗೆ ಕಟ್ಟಿಕೊಂಡರೆ ಮಕ್ಕಳು ಮಧ್ಯದಲ್ಲಿ ಹಟ ಮಾಡುವುದಿಲ್ಲ. ಸಂಜೆಗೆ ಊರೊಳಗೆ ಮಿರ್ಚಿ, ಗಿರಮಿಟ್ ದೊಡ್ಡವರಿಗೆ ಹೇಗೂ ಸಿಗುತ್ತದೆ. ಸೋಮವಾರ ಬೇಡ, ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಅಂದು ಸಾಮಾನ್ಯವಾಗಿ ರಜೆ. ಪ್ರತಿವರ್ಷ ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದ ಸಂಭ್ರಮ ಬೇರೆಯೇ. ಆದರೆ ಆ ಜನಸಾಗರದಲ್ಲಿ ಸಣ್ಣ ಮಕ್ಕಳಿಗೆ ಕಾಣುವುದು ಬರೀ ಕಾಲುಗಳು. ಉತ್ಸವಕ್ಕೆ ಅವರು ಇನ್ನಷ್ಟು ಎತ್ತರವಾದ ಮೇಲೆ ಬರಲಿ.

ಒಳಗೆ ಹೋದ ಕೂಡಲೇ ಕಥೆ ಹೇಳಲು ಶುರು ಮಾಡಬೇಡಿ ಎಂಬುದು ನನ್ನ ಕಳಕಳಿಯ ಮಾತು. ಮೊದಲ ಅರ್ಧ ತಾಸು ಅವರದ್ದು. ಓಡಲಿ, ಅಡಗಲಿ, ಗೋಡೆ ಮುಟ್ಟಿ ನೋಡಲಿ. ಗೋಡೆ ಹತ್ತುವುದು ಮಾತ್ರ ಬೇಡ. ಹಳೆಯ ಗೋಡೆ ಒಂದೊಂದು ಹೆಜ್ಜೆಗೂ ಸವೆಯುತ್ತದೆ ಎಂದರೆ ಐದು ವರ್ಷದವರಿಗೂ ತಿಳಿಯುತ್ತದೆ. ‘ಗ್ವಾಡಿಗೆ ವಯಸ್ಸಾಗೇತಿ’ ಎಂದು ಹೇಳಿದ್ದಕ್ಕೆ ನಮ್ಮ ಜೊತೆ ಬಂದಿದ್ದ ಹುಡುಗಿಯೊಬ್ಬಳು ಅದರ ಮೇಲೆ ಕೈಯಿಟ್ಟು, ‘ಅಜ್ಜಗಿಂತ ಹೆಚ್ಚೇನು?’ ಎಂದು ಕೇಳಿದಳು. ಅಜ್ಜನ ಅಜ್ಜ, ಆ ಅಜ್ಜನ ಅಜ್ಜ ಎಂದು ಬೆರಳು ಮಡಚುತ್ತ ಹೋದೆವು. ಮುನ್ನೂರೈವತ್ತು ವರ್ಷ ಎಂಬ ಅಂಕಿಗಿಂತ ಆ ಬೆರಳೆಣಿಕೆ ಅವಳಿಗೆ ಹೆಚ್ಚು ತಿಳಿಯಿತು. ಆಮೇಲೆ ಪ್ರಶ್ನೆಗಳು ತಾವಾಗಿ ಬರುತ್ತವೆ. ಇಲ್ಲಿ ಅಡುಗಿ ಎಲ್ಲಿ ಮಾಡತಿದ್ರು? ಜಳಕ ಎಲ್ಲಿ? ಮಾಳಿಗಿ ಎಲ್ಲಿ ಹೋತು? ಅರಮನೆ ಎಂದರೆ ಸಿಂಹಾಸನ ಎಂದುಕೊಂಡಿರುತ್ತೇವೆ ನಾವು. ಮಕ್ಕಳು ನೇರವಾಗಿ ಅಡುಗೆಮನೆಗೂ ಬಚ್ಚಲಿಗೂ ನುಗ್ಗುತ್ತಾರೆ. ಒಂದು ಮನೆಯನ್ನು ಅರಿಯಲು ಇವಕ್ಕಿಂತ ಒಳ್ಳೆಯ ಬಾಗಿಲುಗಳಿಲ್ಲ.

ಈ ಅರಮನೆಯಲ್ಲಿ ಮಕ್ಕಳನ್ನು ನಿಲ್ಲಿಸಿ ತೋರಿಸಲೇಬೇಕಾದ ಒಂದು ವಸ್ತುವಿದೆ: ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಕೂಡಿಸಿದ ಕೊಳವೆಯಂಥ ಕಿಂಡಿ. ಉತ್ತರಕ್ಕೆ ಮುಖ ಮಾಡಿ, ಸ್ವಲ್ಪ ಮೇಲಕ್ಕೆ ವಾಲಿದೆ. ಉಳಿದ ನಕ್ಷತ್ರಗಳು ರಾತ್ರಿಯಿಡೀ ಸರಿಯುತ್ತಿದ್ದರೂ ಧ್ರುವ ಕದಲಿದಂತೆ ಕಾಣುವುದಿಲ್ಲ. ಅದಕ್ಕೇ ಅದನ್ನು ನೋಡಲು ಒಂದೇ ಕಿಂಡಿ ಸಾಕು, ವರ್ಷವಿಡೀ ಸಾಕು. ಬೇರೆ ಯಾವ ನಕ್ಷತ್ರಕ್ಕೂ ಹೀಗೊಂದು ಸ್ಥಿರವಾದ ಕಿಟಕಿ ಕಟ್ಟಲಾಗದು. ಎಷ್ಟು ವಾಲಿಸಬೇಕು ಎಂಬುದನ್ನು ಊರೇ ಹೇಳುತ್ತದೆ. ನೀವು ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಉತ್ತರಕ್ಕಿದ್ದೀರೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಧ್ರುವ ಕಾಣುತ್ತದೆ. ಕಿತ್ತೂರಿಗೆ ಅದು ಹದಿನೈದೂವರೆಯ ಆಸುಪಾಸು, ದಿಲ್ಲಿಗೆ ಇಪ್ಪತ್ತೆಂಟೂವರೆ.

ಡಿಗ್ರಿಯ ಮಾತು ಮಕ್ಕಳಿಗೆ ಬೇಕಿಲ್ಲ, ಅವರ ಕೈ ಸಾಕು. ತೋಳು ನೇರ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ ಮುಚ್ಚುತ್ತದೆ. ನೆಲ-ಬಾನು ಕೂಡುವ ಗೆರೆಯ ಮೇಲೆ ಒಂದು ಮುಷ್ಟಿ, ಅದರ ಮೇಲೆ ಅರ್ಧ ಮುಷ್ಟಿ, ಅಲ್ಲಿ ಧ್ರುವ. ಮಗುವಿನ ಕೈ ಸಣ್ಣದಾದರೆ ತೋಳೂ ಗಿಡ್ಡದೇ, ಹಾಗಾಗಿ ಲೆಕ್ಕ ತಪ್ಪುವುದಿಲ್ಲ. ಮಧ್ಯಾಹ್ನ ಕಿಂಡಿಯಲ್ಲಿ ನಕ್ಷತ್ರ ಕಾಣುವುದಿಲ್ಲ, ನೀಲಿ ಆಕಾಶದ ಒಂದು ತುಣುಕು ಕಾಣುತ್ತದೆ. ಅಲ್ಲೇ ನಿಂತು ಮುಷ್ಟಿ ಎಣಿಸಿ ಜಾಗ ಗುರುತಿಸಿದ ಮಗು ಅದೇ ರಾತ್ರಿ ಮನೆಯ ಮಾಳಿಗೆಯ ಮೇಲೆ ತಾನೇ ಹುಡುಕಬಹುದು. ಉತ್ತರ ದಿಕ್ಕಿಗೆ ಮರ, ಕಟ್ಟಡ ಅಡ್ಡ ಇರಬಾರದು, ಏಕೆಂದರೆ ನಮ್ಮ ಸೀಮೆಗೆ ಧ್ರುವ ಬಹಳ ತಗ್ಗಿನಲ್ಲಿರುತ್ತಾನೆ. ಧ್ರುವನ ಕಥೆಯನ್ನೂ ಅಲ್ಲೇ ಹೇಳಿಬಿಡಿ. ತಂದೆಯ ತೊಡೆಯ ಮೇಲೆ ಕೂರಲು ಬಿಡದ್ದಕ್ಕೆ ಕಾಡಿಗೆ ಹೋದ ಆ ಹುಡುಗನ ವಯಸ್ಸು ಕೇಳುತ್ತ ನಿಂತವರ ವಯಸ್ಸೇ.

ಕೋಟೆಯೊಳಗೇ ಇರುವ ವಸ್ತುಸಂಗ್ರಹಾಲಯ ಪುರಾತತ್ವ ಇಲಾಖೆಯದ್ದು. ಖಡ್ಗಗಳು, ಅರಮನೆಯ ಕಾಲದ ಮರದ ಕೆತ್ತನೆಯ ಬಾಗಿಲು-ಕಿಟಕಿಗಳು, ಸುತ್ತಲ ಊರುಗಳಿಂದ ತಂದ ಶಿಲ್ಪ, ಶಾಸನ, ವೀರಗಲ್ಲುಗಳು ಇಲ್ಲಿವೆ. ಮಕ್ಕಳೊಂದಿಗೆ ಎಲ್ಲವನ್ನೂ ನೋಡಲು ಹೊರಟರೆ ಯಾವುದನ್ನೂ ನೋಡಿದಂತಾಗದು. ಎರಡು ಸಾಕು. ಒಂದು, ಕೆತ್ತಿದ ಬಾಗಿಲು. ಹೊರಗೆ ಮೊಂಡುಗೋಡೆ ನೋಡಿ ಬಂದವರಿಗೆ ಆ ಗೋಡೆಯ ಬಾಗಿಲು ಹೀಗಿತ್ತು ಎಂದು ತೋರಿಸಿದರೆ ಅರಮನೆ ಮನಸ್ಸಿನಲ್ಲಿ ಎದ್ದು ನಿಲ್ಲುತ್ತದೆ. ಇನ್ನೊಂದು, ವೀರಗಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ತುದಿಯಲ್ಲಿ ಶಿವಲಿಂಗದ ಮುಂದೆ ಆತ ಕುಳಿತಿರುವುದು, ಮೇಲೆ ಸೂರ್ಯ-ಚಂದ್ರ. ಅಕ್ಷರ ಬಾರದ ಮಗು ತಾನೇ ಓದಿ ಮುಗಿಸಬಲ್ಲ ಪುಸ್ತಕ ಅದು. ಕಲ್ಲುಕುಟಿಗರೂ ಹೀಗೆ ಓದಲೆಂದೇ ಕೆತ್ತಿದ್ದರು.

ಇನ್ನು ಯುದ್ಧದ ಕಥೆ. ಅದನ್ನು ಕೋಟೆಯ ಬಾಗಿಲಲ್ಲಿ ನಿಂತು ಹೇಳುವುದು ಲೇಸು, ಏಕೆಂದರೆ ಅದು ಬಾಗಿಲಿನ ಕಥೆ. ಎಲ್ಲಿಂದ ಶುರು ಮಾಡಬೇಕು? ನಾವು ಖಡ್ಗದಿಂದ ಶುರು ಮಾಡುತ್ತೇವೆ. ನನ್ನ ಪ್ರಕಾರ ಹುಡುಗನೊಬ್ಬನಿಂದ ಶುರು ಮಾಡಬೇಕು. ರಾಜಾ ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಹೋಗಿಬಿಟ್ಟ. ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತನ್ನು ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿದ. ಈ ಹುಡುಗ ನಮ್ಮ ಮನೆಯವನು ಎಂದು ಮನೆಯವರು ಹೇಳಿದ್ದನ್ನು ಹೊರಗಿನ ಕಚೇರಿ ಅಲ್ಲಗಳೆಯಿತು. ಮಲ್ಲಸರ್ಜನ ರಾಣಿ ಚೆನ್ನಮ್ಮ ಒಪ್ಪಲಿಲ್ಲ, ಕೋಟೆಯ ಬಾಗಿಲು ಹಾಕಿಸಿದರು. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬುದನ್ನು ಗವರ್ನರ್ ಜನರಲ್ ಡಾಲ್‌ಹೌಸಿ ದೇಶದ ತುಂಬ ನೀತಿಯಾಗಿ ಚಲಾಯಿಸಲು ಹೊರಟಿದ್ದು 1848ರಲ್ಲಿ. ಕಿತ್ತೂರು ಅದಕ್ಕೆ 24 ವರ್ಷ ಮೊದಲೇ ಆ ಮಾತಿಗೆ ಎದುರಾಡಿತ್ತು. ‘ನಮ್ಮ ಮನಿ ಹುಡುಗ ಯಾರು ಅಂತ ಅವರ‍್ಯಾಕ ಹೇಳಬೇಕು?’ ಎಂಬ ಪ್ರಶ್ನೆ ಐದು ವರ್ಷದವರಿಗೆ ಪೂರ್ತಿ ಅರ್ಥವಾಗುತ್ತದೆ. ಸ್ವಾತಂತ್ರ್ಯ, ಸಾರ್ವಭೌಮತ್ವ ಎಂಬ ಪದಗಳು ಆಮೇಲೆ ಬರಲಿ.

1824ರ ಅಕ್ಟೋಬರ್ 23ರಂದು ಬಾಗಿಲು ತೆರೆಸಲು ಥ್ಯಾಕರೆ ತೋಪುಗಳನ್ನು ತಂದು ನಿಲ್ಲಿಸಿದ. ಬಾಗಿಲು ಒಳಗಿನಿಂದಲೇ ತೆರೆಯಿತು, ಕಿತ್ತೂರಿನ ದಂಡು ಹೊರಗೆ ಧುಮುಕಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಬಹಳ. ಮಕ್ಕಳು ‘ಆಮ್ಯಾಲೆ?’ ಎಂದು ಕೇಳದೆ ಬಿಡುವುದಿಲ್ಲ. ಅವರಿಗೆ ನಿಜ ಹೇಳಬೇಕು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು, ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು, 1829ರ ಫೆಬ್ರುವರಿಯಲ್ಲಿ ಅವರು ಅಲ್ಲೇ ತೀರಿಕೊಂಡರು. ಸೋತರೂ ಅವರ ಹೆಸರು ಯಾಕೆ ಉಳಿಯಿತು ಎಂದು ಮಗು ಕೇಳಿದರೆ ಉತ್ತರ ಅವಸರದಲ್ಲಿ ಕೊಡಬೇಕಿಲ್ಲ. ಬಾಗಿಲನ್ನು ಮತ್ತೊಮ್ಮೆ ನೋಡಲಿ.

ದೊಡ್ಡವರಿಗಾಗಿ ಇನ್ನೊಂದು ಎಳೆ. ಥ್ಯಾಕರೆ ಬಿದ್ದ ದಿನ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ವಯಸ್ಸು 21. ಸೆರೆಯಲ್ಲಿ ಅವರಿಗೆ ತೊಂದರೆಯಾಗದಂತೆ ನೋಡಿಕೊಂಡು ಬಿಡುಗಡೆ ಮಾಡಿದರು. ಬದುಕಿ ಹೊರಬಂದ ಆ ತರುಣ ಮುಂದೆ ಇದೇ ಸೀಮೆಯಲ್ಲಿ ಇದ್ದು ಶಾಸನಗಳ ಬೆನ್ನು ಹತ್ತಿದ, 595 ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಇತಿಹಾಸವನ್ನು ಶಾಸನಗಳಿಂದ ಕಟ್ಟುವ ಮೊದಲ ಪ್ರಯತ್ನಗಳಲ್ಲಿ 1837ರ ಅವನ ಪ್ರಬಂಧವೂ ಒಂದು. ಧಾರವಾಡ ಸೀಮೆಯ ಪ್ರಾಣಿಗಳ ಬಗ್ಗೆಯೂ ಬರೆದ. ಅಳಿಲಿನ ಹಾಗೆ ಕಂಡರೂ ಅಳಿಲಲ್ಲದ, ದಖ್ಖನ್ನಿನ ಕಾಡಿನ ಒಂದು ಪುಟ್ಟ ಪ್ರಾಣಿಗೆ ಅವನ ಹೆಸರೇ ಇದೆ: ಅನಥಾನ ಎಲಿಯಟಿ. ಕಿತ್ತೂರಿನವರು ಸೆರೆಯಾಳನ್ನು ಹೇಗೆ ನಡೆಸಿಕೊಂಡರು ಎಂಬುದೂ ಅವರ ಶೌರ್ಯದ ಕಥೆಯ ಭಾಗವೆಂದು ನಾನು ನಂಬುತ್ತೇನೆ. ಇದನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ.

ಅರಮನೆಯ ಪ್ರತಿಕೃತಿ ಕಟ್ಟುವ ಮಾತು ಕೆಲ ವರ್ಷಗಳಿಂದ ಕೇಳಿಬರುತ್ತಿದೆ. ಎಲ್ಲಿ ಕಟ್ಟಬೇಕೆಂಬ ಬಗ್ಗೆ ಊರಿನವರಲ್ಲಿ ಗಟ್ಟಿಯಾದ ಅಭಿಪ್ರಾಯಗಳಿವೆ. ಕಟ್ಟಲಿ. ಆದರೆ ಅದಕ್ಕೂ ಮೊದಲು ಈ ನಿಜವಾದ ಗೋಡೆಗಳಿಗೆ ಕಾವಲು, ನೆರಳಿಗೆ ನಾಲ್ಕು ಮರ, ಮಕ್ಕಳ ಎತ್ತರಕ್ಕೆ ಇಳಿಸಿ ಬರೆದ ಫಲಕಗಳು ಬೇಕು. ‘ಇದು ಅಡುಗೆಮನೆ’ ಎಂಬ ಎರಡು ಪದ ದೊಡ್ಡಕ್ಷರದಲ್ಲಿ, ಮೊಣಕಾಲ ಮಟ್ಟದಲ್ಲಿ ಇದ್ದರೆ ಒಂದನೇ ತರಗತಿಯ ಮಗು ಕೂಡಿಸಿಕೊಂಡು ಓದುತ್ತದೆ, ಓದಿ ಇಡೀ ಕೋಟೆಗೆ ಕೇಳುವಂತೆ ಕೂಗಿ ಹೇಳುತ್ತದೆ.

ಅದೇ ದಿನ ಬೈಲಹೊಂಗಲಕ್ಕೂ ಹೋಗಿಬರೋಣ ಎಂದು ಮನಸ್ಸಾಗಬಹುದು. ಮುಕ್ಕಾಲು ತಾಸಿನ ದಾರಿ, ಅಲ್ಲಿ ಚಿಕ್ಕ ಉದ್ಯಾನದಲ್ಲಿ ರಾಣಿಯ ಸಮಾಧಿ ಇದೆ. ಸಣ್ಣ ಮಕ್ಕಳಿದ್ದರೆ ಬೇರೆ ದಿನಕ್ಕಿಡಿ. ಓಡಿ ದಣಿದವರಿಗೆ ಸಮಾಧಿಯ ಮುಂದೆ ಸುಮ್ಮನಿರಲು ಆಗುವುದಿಲ್ಲ, ಸುಮ್ಮನಿರಿಸಲೂಬಾರದು. ಬದಲಿಗೆ ಮಲಪ್ರಭೆಯ ಬೆನ್ನು ಹತ್ತಿ ಇನ್ನಷ್ಟು ಮಧ್ಯಾಹ್ನಗಳನ್ನು ಹೂಡಬಹುದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಕಿತ್ತೂರಿಗೆ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪವನ್ನು ಬಳಸಿ, ಚೆನ್ನಮ್ಮನ ದಂಡಿನ ವೀರ ರಾಯಣ್ಣನ ಸಂಗೊಳ್ಳಿಯನ್ನು ಹಾಯ್ದು, ಸವದತ್ತಿಯ ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವಿನ ಅಣೆಕಟ್ಟಿಗೆ ತಡೆದು ನಿಂತು, ಮುಂದೆ ರಾಮದುರ್ಗಕ್ಕೆ ಇಳಿಯುತ್ತದೆ. ಸಂಗೊಳ್ಳಿಯಲ್ಲಿ ಈಗ ರಾಯಣ್ಣನ ಬದುಕನ್ನು ಪ್ರತಿಮೆಗಳಲ್ಲಿ ತೋರಿಸುವ ಶಿಲ್ಪವನ ಆಗಿದೆ. ಕಿತ್ತೂರಿನ ಬಾಗಿಲ ಕಥೆ ಕೇಳಿದ ಮಕ್ಕಳನ್ನು ಮುಂದಿನ ಸಲ ಅಲ್ಲಿಗೆ ಕರೆದೊಯ್ದರೆ, ಕೋಟೆ ಬಿದ್ದ ಮೇಲೂ ಕಾದಾಟ ನಿಲ್ಲಿಸದವನ ಊರು ಯಾವುದೆಂದು ಅವರು ಕಣ್ಣಾರೆ ನೋಡುತ್ತಾರೆ.